ಊರವರ ಡಬ್ಬಿಗಳು, ನಮ್ಮ ಕೋಣೆ

ಇವತ್ತು ಬೆಳಿಗ್ಗೆ ನಾನು ಅವಲಕ್ಕಿ ತಿಂದ ತಟ್ಟೆಯ ಅಂಚಿನಲ್ಲಿ ‘ಸರೋಜಮ್ಮ, ಹೊನ್ನಾಳಿ’ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ನಾನು ಸರೋಜಮ್ಮ ಅಲ್ಲ. ನಮ್ಮ ಮನೆ ಇರುವುದು ನ್ಯಾಮತಿಯಲ್ಲಿ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರ ತಟ್ಟೆಯ ಮೇಲೆ ‘ನವದಂಪತಿಗಳಿಗೆ ಗೆಳೆಯರ ಬಳಗದಿಂದ’ ಎಂದಿತ್ತು. ಯಾರ ಮದುವೆ, ಯಾವ ಬಳಗ, ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ದಂಪತಿಗಳು ಎಲ್ಲಿದ್ದಾರೋ, ಚೆನ್ನಾಗಿರಲಿ. ತಟ್ಟೆಯಂತೂ ಚೆನ್ನಾಗಿದೆ.

ಪಾತ್ರೆಗೆ ಹೆಸರು ಕೊರೆಸುವುದು ನಮ್ಮ ಕಡೆಯ ಹೆಂಗಸರ ದೊಡ್ಡ ನಂಬಿಕೆ. ಹೆಸರು ಇದ್ದರೆ ಪಾತ್ರೆ ಮನೆಗೆ ತಿರುಗಿ ಬರುತ್ತದೆ ಎಂದು. ಅಂಗಡಿಯವನು ಕಿರ್ರೋ ಎನ್ನಿಸುತ್ತ ಆ ಪುಟ್ಟ ಯಂತ್ರದಿಂದ ಕೊರೆಯುವಾಗ ಹಲ್ಲು ಜುಂ ಎನ್ನುತ್ತಿದ್ದರೂ ನಮ್ಮವ್ವ ಕದಲದೆ ನಿಂತು ನೋಡುತ್ತಿದ್ದಳು. ನನ್ನ ಅನುಭವದಲ್ಲಿ ಹೆಸರಿನಿಂದ ಆಗುವ ಪ್ರಯೋಜನ ಒಂದೇ. ನಾವು ಯಾರ ಪಾತ್ರೆಯಲ್ಲಿ ಉಣ್ಣುತ್ತಿದ್ದೇವೆ ಎಂಬುದು ಖಚಿತವಾಗಿ ತಿಳಿಯುತ್ತದೆ.

ನಾನು ಶಿಸ್ತಿನ ಹೆಂಗಸು. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ, ಈಗ ಸುಮ್ಮನೆ ಮಾಹಿತಿಗಾಗಿ ಹೇಳುತ್ತೇನೆ. ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಕೆಳಗಿನ ಒಂದು ಹಳ್ಳಿಯಲ್ಲಿ. ಅಪ್ಪ ನೀರಗಂಟಿ. ಕಾಲುವೆಯ ನೀರು ಯಾವ ಹೊತ್ತಿಗೆ ಯಾರ ಗದ್ದೆಗೆ ಎಂದು ಪಾಳಿ ನೋಡಿ ತಿರುಗಿಸುವ ಕೆಲಸ. ಅಪ್ಪ ಆ ಪಾಳಿಯನ್ನು ಕಾಲುವೆಯಲ್ಲೇ ಬಿಟ್ಟು ಬರದೆ ಮನೆಗೂ ತಂದ. ಸ್ನಾನಕ್ಕೆ ಪಾಳಿ, ಬಾಚಣಿಗೆಗೆ ಪಾಳಿ, ಹಬ್ಬದ ದಿನ ಹೋಳಿಗೆಗೂ ಪಾಳಿ. ಮೇಲಿನ ಗದ್ದೆ ಮೊದಲು, ಕೆಳಗಿನದು ಆಮೇಲೆ. ಆರು ಮಕ್ಕಳಲ್ಲಿ ಕೊನೆಯವಳಾದ ನಾನು ಮನೆಯ ಕೊನೇ ಗದ್ದೆ. ನನ್ನ ಪಾಳಿ ಬರುವ ಹೊತ್ತಿಗೆ ಹಂಡೆಯ ನೀರು ತಣ್ಣಗಾಗಿರುತ್ತಿತ್ತು, ಹೋಳಿಗೆಯ ಹೂರಣ ತೀರಿ ಬರೀ ಕಣಕ ಉಳಿದಿರುತ್ತಿತ್ತು. ಅತ್ತರೆ ಅಪ್ಪ, “ಕೊನೇ ಗದ್ದೆಯೋರು ಕೂಗಬಾರ್ದವ್ವಾ, ಕಾಯಬೇಕು” ಅನ್ನುತ್ತಿದ್ದ. ಕಾದೆ. ಸಾಲಿನಲ್ಲಿ ನಿಂತು ನಿಂತು ಸಾಲಿನ ಮೇಲೇ ಪ್ರೀತಿ ಹುಟ್ಟಿ, ದೊಡ್ಡವಳಾದ ಮೇಲೆ ಪೀಟಿ ಟೀಚರ್ ಆದೆ.

ಜಗಳೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಸರ್ವಿಸ್ಸೆಲ್ಲ ಕಳೆಯಿತು. ನನ್ನ ಒಂದು ಸೀಟಿಗೆ ಇಡೀ ಮೈದಾನ ಗಪ್ಪಗಾಗುತ್ತಿತ್ತು. ಅಲ್ಲಿನ ಗಾಳಿ ಕೂಡ ಧೂಳನ್ನು ಎತ್ತಬೇಕೋ ಬೇಡವೋ ಎಂದು ಒಂದು ಕ್ಷಣ ನನ್ನ ಮುಖ ನೋಡುತ್ತಿತ್ತು ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ಆದರೆ ವಾರದ ಕೊನೆಗೆ ನ್ಯಾಮತಿಯ ಮನೆಗೆ ಬಂದರೆ ನನಗೆ ಅಡುಗೆಮನೆಯ ಹೊಸಿಲಿನಿಂದ ಆಚೆಗೇ ವಿಶ್ರಾಮ್. ನಮ್ಮತ್ತೆ, “ನೀನು ಹುಡುಗ್ರನ್ನ ಕುಣ್ಸಮ್ಮ, ಒಲೆ ನಾನು ನೋಡ್ಕೊಂತೀನಿ” ಎಂದು ಬಿಟ್ಟಿದ್ದರು. ಅವರು ಹೋದ ಮೇಲೆ ಒಲೆ ಸೊಸೆ ರೇಣುಕಾಳ ಕೈಗೆ ಬಂತು. ಮಧ್ಯದಲ್ಲಿ ನನ್ನ ಪಾಳಿ ಯಾವಾಗ ಬಂದು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ನಮ್ಮದು ಗಡಿಬಿಡಿಯ ಸಂಸಾರ. ಮಗ ಮನೆಯ ಮುಂಭಾಗದಲ್ಲೇ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟ ಪಂಪ್‌ಸೆಟ್ಟು ಹೊತ್ತು ಬಂದವರೆಲ್ಲ ನಮ್ಮ ಹಾಲಿನಲ್ಲೇ ಕೂತು ಕಾಯುತ್ತಾರೆ. ರೇಣುಕಾ ಸವಳಂಗದ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಬಸ್ಸಿಗೆ ಓಡುವವಳು ಸಂಜೆ ಪೇಪರ್ ಕಟ್ಟಿನೊಂದಿಗೆ ಬರುತ್ತಾಳೆ. ನಮ್ಮ ಯಜಮಾನರು ಪತ್ರಿಕೆ ಓದುತ್ತಾರೆ. ತಮ್ಮಷ್ಟಕ್ಕೆ ಓದಿಕೊಂಡರೆ ಅದು ಓದು ಅಲ್ಲ ಎಂಬುದು ಅವರ ಅಭಿಪ್ರಾಯ. ಇದೆಲ್ಲದರ ನಡುವೆ ಮೊಮ್ಮಗಳು ಸಿಂಚನ, ಸೆಕೆಂಡ್ ಪಿಯುಸಿ ಸೈನ್ಸ್.

ಹೋದ ದಸರಾ ರಜೆಗೆ ಮುಂಚೆ ಬಂದ ಪರೀಕ್ಷೆಯ ಫಲಿತಾಂಶದಲ್ಲಿ ಫಿಸಿಕ್ಸ್ ಅವಳ ಕೈಬಿಟ್ಟಿತ್ತು. ರೇಣುಕಾ ಮಾತು ಬೆಳೆಸಲಿಲ್ಲ. “ದಾವಣಗೆರೆ ಹಾಸ್ಟೆಲ್ಲಿಗೆ ಹಾಕ್ತೀನಿ. ಈ ಸಂತೆಯಾಗೆ ಓದಾಕೆ ಆಗಲ್ಲ” ಅಂದಳು.

ಸಿಂಚನ ನನ್ನ ಹತ್ತಿರ ಬಂದಳು. ಕಣ್ಣು ಕೆಂಪಗಿತ್ತು. “ಅಜ್ಜಿ, ನಾನು ಹೋಗಲ್ಲ. ಬಾಗಿಲು ಹಾಕ್ಕೊಳ್ಳಾಕೆ ಬರೋ ಒಂದು ಕೋಣೆ ಕೊಡ್ಸು, ಸಾಕು. ಇಲ್ಲೇ ಓದಿ ತೋರಿಸ್ತೀನಿ.”

ಹಾಸ್ಟೆಲ್ಲುಗಳ ಬಗ್ಗೆ ನನಗೆ ಗೌರವ ಇದೆ. ಅಲ್ಲಿ ಗಂಟೆ ಹೊಡೆಯುತ್ತಾರೆ. ಆದರೂ ಅವಳನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ. ಈ ಮನೆಯಲ್ಲಿ ನಾನು ‘ಚಪ್ಪಲಿ ಸಾಲಾಗಿ ಬಿಡಿ’ ಎಂದರೆ ಬಿಡುವ ಜೀವ ಅದೊಂದೇ. ಅವಳೂ ಹೋದರೆ ನನ್ನ ಶಿಸ್ತನ್ನು ನಾನು ಯಾರ ಮೇಲೆ ಪ್ರಯೋಗಿಸಲಿ? ಬಾಗಿಲಿರುವ ಖಾಲಿ ಕೋಣೆ ಮನೆಯಲ್ಲಿ ಇರಲಿಲ್ಲ. ಬಾಗಿಲಿರುವ ತುಂಬಿದ ಕೋಣೆ ಒಂದಿತ್ತು, ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆ. ನಾನು ಸೊಸೆಯ ಮುಂದೆ ನಿಂತು, “ಸಾಮಾನೆಲ್ಲ ಅಡುಗೆಮನೆಗೇ ಹಿಡಿಸಿ ಕೋಣೆ ಖಾಲಿ ಮಾಡಿದರೆ?” ಎಂದೆ.

ರೇಣುಕಾ ನಕ್ಕಳು. “ದಸರಾ ರಜೆ ಮುಗಿಯೋದ್ರೊಳಗೆ ಖಾಲಿ ಮಾಡ್ರಿ ಅತ್ತೆ, ಹಾಸ್ಟೆಲ್ ಮಾತು ಎತ್ತಲ್ಲ. ಆಗಲಿಲ್ಲ ಅಂದ್ರೆ ನೀವೂ ಅಡ್ಡ ಬರಬಾರ್ದು.”

ಒಪ್ಪಂದವಾಯಿತು. ಕೋಣೆಯ ಬಾಗಿಲು ತೆರೆದೆ. ತೆರೆದೆ ಎಂದರೆ, ಅರ್ಧ ತೆರೆದೆ. ಇನ್ನರ್ಧಕ್ಕೆ ಒಳಗಿನ ಮಂಡಕ್ಕಿ ಚೀಲ ಒಪ್ಪಲಿಲ್ಲ.

ಆ ಕೋಣೆಯಲ್ಲಿ ಯಾವ ವಸ್ತುವೂ ತನ್ನ ಹೆಸರಿನ ಡಬ್ಬಿಯಲ್ಲಿ ಇರಲಿಲ್ಲ. ‘ಸಕ್ಕರೆ’ ಎಂದಿದ್ದರಲ್ಲಿ ಉದ್ದಿನಬೇಳೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಹುಣಸೆಹಣ್ಣು. ಬೇಕರಿಯ ಸ್ವೀಟ್ ಬಾಕ್ಸಿನಲ್ಲಿ ಒಣಮೆಣಸಿನಕಾಯಿ. ಯಜಮಾನರು ಅದನ್ನು ಆಸೆಯಿಂದ ತೆರೆದು ಮೂಸಿ ಸೀನಿದ್ದು ವರ್ಷಕ್ಕೊಮ್ಮೆಯಾದರೂ ನಡೆಯುತ್ತದೆ. ಒಂದು ದೊಡ್ಡ ಡಬ್ಬಿಯ ಒಳಗೆ ಚಿಕ್ಕ ಡಬ್ಬಿ, ಅದರೊಳಗೆ ಇನ್ನೂ ಚಿಕ್ಕದು, ಅದರೊಳಗೆ ಒಂದು ಚೀಟಿಯಲ್ಲಿ ಸುತ್ತಿದ ಒಂದೇ ಒಂದು ಜಾಯಿಕಾಯಿ. ಮೂಲೆಯಲ್ಲಿ ಮುಚ್ಚಳಗಳ ರಾಶಿ. ಅವುಗಳಲ್ಲಿ ಯಾವುದನ್ನು ಯಾವ ಡಬ್ಬಿಗೆ ಒತ್ತಿದರೂ ಕೂರುವುದಿಲ್ಲ. ಎಸೆಯಲು ಹೋದರೆ, “ಇರ್ಲಿ ಬಿಡ್ರಿ, ಡಬ್ಬಿ ಸಿಗಬೋದು” ಎಂದು ಮನೆಯವರೆಲ್ಲ ಒಟ್ಟಾಗಿ ತಡೆಯುತ್ತಾರೆ. ಉಳಿದ ಯಾವ ವಿಷಯದಲ್ಲೂ ಅವರಿಗೆ ಅಷ್ಟು ಒಗ್ಗಟ್ಟಿಲ್ಲ.

ಮೊದಲ ದಿನ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದೆ. ಕುಳ್ಳಗಿನವು ಮುಂದೆ, ಎತ್ತರದವು ಹಿಂದೆ, ನಡುವೆ ಕೈ ಚಾಚುವಷ್ಟು ಅಂತರ. ಡ್ರಿಲ್ಲಿಗೆ ನಿಂತ ಮಕ್ಕಳ ಹಾಗೆ ಕಂಡವು. ನೋಡಿ ಕಣ್ಣು ತುಂಬಿತು. ಮರುದಿನ ಬೆಳಿಗ್ಗೆ ರೇಣುಕಾ ಯಾವುದೋ ಶಿಬಿರಕ್ಕೆ ಹೋಗುವ ಅವಸರದಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟು ಕೂಗಿದಳು.

“ಅತ್ತೆ, ಸಾಸಿವೆ ಎಲ್ಲೈತೆ?”

“ಮುಂದಿನ ಸಾಲು, ಎಡಗಡೆಯಿಂದ ಮೂರನೇದು!”

“ನನ್ನ ಎಡವೋ, ಡಬ್ಬಿ ಎಡವೋ?”

ಇದು ಅಜ್ಞಾನದ ಪ್ರಶ್ನೆ. ಡ್ರಿಲ್ಲಿನಲ್ಲಿ ಎಡ ಎಂದರೆ ಸಾಲಿನಲ್ಲಿ ನಿಂತವರ ಎಡ, ನೋಡುವವರದ್ದಲ್ಲ. ನಾನು ಸ್ನಾನದ ಮನೆಯಿಂದ ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಅವಳು ತನ್ನ ಎಡದಿಂದ ಮೂರನೆಯದನ್ನು ಎಣ್ಣೆಗೆ ಹಾಕಿಯಾಗಿತ್ತು. ಅದು ಬೇಸಿಗೆಯ ಪಾನಕಕ್ಕೆ ತಂದ ಕಾಮಕಸ್ತೂರಿ ಬೀಜ. ಸಾಸಿವೆ ಸಿಡಿಯಲಿ ಎಂದು ಕಾದು ಕಾದು ಬಸ್ಸು ತಪ್ಪಿತು. ಮಧ್ಯಾಹ್ನ ಚಿತ್ರಾನ್ನ ತಿಂದ ಯಜಮಾನರು, “ಇದ್ರಾಗೆ ಏನೋ ಒಂಥರಾ ಶಾಂತಿ ಐತೆ” ಎಂದರು. ಸಂಜೆಗೆ ಡಬ್ಬಿಗಳು ರೇಣುಕಾ ಇಟ್ಟಲ್ಲಿಗೆ ಮರಳಿದವು. ಯಾವುದು ಒಲೆಗೆ ಹತ್ತಿರ ಬೇಕೋ ಅದು ಹತ್ತಿರ. ನಾನು ಅಡುಗೆಮನೆಯಿಂದ ಹಿಂದೆ ಸರಿದು ಸಾಮಾನಿನ ಕೋಣೆಯ ಮೇಲೆ ಪೂರ್ತಿ ಗಮನ ಕೊಟ್ಟೆ.

ಅಲ್ಲಿ ಡಬ್ಬಿಗಳ ಹಾಜರಿ ತೆಗೆದುಕೊಳ್ಳುವಾಗ ವಿಷಯ ಬೆಳಕಿಗೆ ಬಂತು. ಸಿಂಚನ ಒಂದೊಂದನ್ನೇ ಎತ್ತಿ ಕೊರೆದ ಹೆಸರು ಓದುತ್ತಿದ್ದಳು. ನಾಗರತ್ನ. ಸರೋಜಮ್ಮ. ಸರೋಜಮ್ಮ. ಗಿರಿಜಮ್ಮ, ಗೋವಿನಕೋವಿ. ನಾಗರತ್ನ. ಸರೋಜಮ್ಮ.

“ಅಜ್ಜಿ, ಇದ್ರಾಗೆ ನಮ್ಮವು ಯಾವು?”

ನಮ್ಮವು ಬೆರಳೆಣಿಕೆಯಷ್ಟು. ಕೋಣೆ ತುಂಬ ಇದ್ದದ್ದು ಊರವರ ಡಬ್ಬಿಗಳು. ಕಾರಣ ಓದುಗರಿಗೆ ಹೇಳಬೇಕಿಲ್ಲ. ಯಾರೋ ಚಕ್ಕುಲಿ ಕಳಿಸುತ್ತಾರೆ. ಡಬ್ಬಿಯನ್ನು ಖಾಲಿ ತಿರುಗಿಸಬಾರದು, ಏನಾದರೂ ಹಾಕಿಯೇ ಕಳಿಸಬೇಕು. ಏನಾದರೂ ಮಾಡೋಣ, ಆಮೇಲೆ ಕಳಿಸೋಣ ಎಂದು ಡಬ್ಬಿ ತೊಳೆದು ಬದಿಗಿಡುತ್ತೇವೆ. ಆ ‘ಆಮೇಲೆ’ ಎಂಬುದೇ ನಮ್ಮ ಸಾಮಾನಿನ ಕೋಣೆ.

ನನಗೆ ಉಪಾಯ ಹೊಳೆಯಿತು. ಎಲ್ಲವನ್ನೂ ಒಟ್ಟಿಗೆ ವಾಪಸು ಮಾಡಿದರೆ ಕೋಣೆ ಖಾಲಿ. ಖಾಲಿ ಕಳಿಸುವ ಹಾಗಿಲ್ಲ, ಸರಿ. ಬಾಗಿಲಿಗೆ ಅಡ್ಡವಾಗಿದ್ದ ಮಂಡಕ್ಕಿ ಚೀಲ ಬಿಚ್ಚಿ, ಒಗ್ಗರಣೆ ಹಾಕಿಸಿ, ಎಲ್ಲ ಡಬ್ಬಿಗೂ ಸಮನಾಗಿ ತುಂಬಿದೆ. ಒಂದೇ ಹೊಡೆತಕ್ಕೆ ಚೀಲವೂ ಹೋಯಿತು, ಡಬ್ಬಿಯೂ ಹೋಗಲಿದೆ. ಜಗಳೂರಿನಲ್ಲಿ ನನ್ನನ್ನು ಸುಮ್ಮನೆ ಹೊಗಳುತ್ತಿರಲಿಲ್ಲ ಎನ್ನಿಸಿತು.

ಸಿಂಚನಳ ಸ್ಕೂಟಿಯ ಹಿಂದೆ ಡಬ್ಬಿಗಳ ಚೀಲ ತಬ್ಬಿಕೊಂಡು ಕೂತು ಮೊದಲು ಹಿಂದಿನ ಬೀದಿಯ ನಾಗರತ್ನಳ ಮನೆಗೆ ಹೋದೆ. ಆಕೆ ಡಬ್ಬಿ ತೆರೆದು ನೋಡಿ, “ಏನ್ ಮೇಡಮ್ಮೋರೇ, ಹೇಳ್ದಂಗೆ ಕೇಳ್ದಂಗೆ ಯಾವ ಜಾತ್ರಿಗೆ ಹೋಗಿದ್ರಿ, ಇಷ್ಟು ಮಂಡಕ್ಕಿ?” ಎಂದಳು. ನಾನು ಜಾತ್ರೆಯಲ್ಲ, ಶಿಸ್ತು ಎಂದೆ. ಹೊರಡಲು ಎದ್ದರೆ ದಾರಿಗೆ ಅಡ್ಡ ನಿಂತಳು. “ನಿಂತ್ಕೊಳ್ರಿ. ಬರಿಗೈಲಿ ಹೋಗ್ತಾರಾ ಯಾರಾದ್ರೂ?” ಒಳಗೆ ಹೋಗಿ ಶೇಂಗಾ ಹೋಳಿಗೆ ತುಂಬಿದ ಡಬ್ಬಿ ತಂದಳು. ಒಂದಲ್ಲ, ಎರಡು. “ಯಜಮಾನ್ರಿಗೆ ಬ್ಯಾರೆ.”

ಗೋವಿನಕೋವಿಯಲ್ಲಿ ರೇಣುಕಾಳ ತಾಯಿ ಗಿರಿಜಮ್ಮ ಮಂಡಕ್ಕಿಯ ಡಬ್ಬಿ ತೆಗೆದುಕೊಂಡು, ಅದರ ಬದಲಿಗೆ ಡಬ್ಬಿಯಲ್ಲಿ ಹಿಡಿಸದಂಥದ್ದನ್ನು ಕೊಟ್ಟರು. ಕುಂಬಳಕಾಯಿ. ಸ್ಕೂಟಿಯ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ಎದುರಿಗೆ ಬಂದ ಹಳೆಯ ಪರಿಚಯದವರೊಬ್ಬರು ಗಾಡಿ ನಿಲ್ಲಿಸಿ, “ಮೊಮ್ಮಗುನಾ ಮೇಡಂ?” ಎಂದು ವಿಚಾರಿಸಿದರು. ಬಟ್ಟೆ ಸುತ್ತಿದ್ದು ನನ್ನದೇ ತಪ್ಪು.

ಹೊನ್ನಾಳಿಗೆ ಬಸ್ಸಿನಲ್ಲಿ ಹೋದೆವು. ಸರೋಜಮ್ಮ ಎಂದರೆ ನನ್ನ ನಾದಿನಿ, ಯಜಮಾನರ ತಂಗಿ. ನನ್ನನ್ನು ಕೀಟಲೆ ಮಾಡುವುದಕ್ಕೇ ದೇವರು ಅವಳಿಗೆ ಆಯುಸ್ಸು ಕೊಟ್ಟಿದ್ದಾನೆ. ಬಾಗಿಲಲ್ಲೇ ಚೀಲ ನೋಡಿ, “ಅಯ್ಯಯ್ಯೋ, ಅತ್ತಿಗೆ ಪಾತ್ರೆ ಯಾಪಾರ ಶುರು ಮಾಡಿದ್ರಾ? ತಲೆಕೂದ್ಲಿಗೂ ಕೊಡ್ತೀರಾ?” ಎಂದಳು.

“ನಿನ್ನವೇ ಕಣೇ ಇವು. ವಾಪಸ್ ಕೊಡಾಕೆ ಬಂದೆ.”

“ಕೊಡಾಕೆ ಬಂದ್ರಾ? ನಿಮ್ಮವೂ ಅದಾವೆ ಬಿಡ್ರಿ ನಮ್ಮನೇಲಿ.” ಅಟ್ಟದ ಮೇಲಿಂದ ನಮ್ಮ ಡಬ್ಬಿಗಳನ್ನು ಇಳಿಸಿದಳು. ನನ್ನ ಹೆಸರು ಕೊರೆದವು, ನನ್ನತ್ತೆಯ ಹೆಸರು ಕೊರೆದವು, ನಮ್ಮವ್ವ ಸೂಳೆಕೆರೆಯಿಂದ ಕಳಿಸಿದವು. ಎಲ್ಲಿ ಹೋದವು ಎಂದು ನಾನು ಅರ್ಧ ಆಯುಷ್ಯ ಹುಡುಕಿದ ಡಬ್ಬಿಗಳು. ಅವೂ ಖಾಲಿ ಬರುವ ಹಾಗಿಲ್ಲವಲ್ಲ. ಕೋಡುಬಳೆ, ಗುರೆಳ್ಳು ಪುಡಿ, ಅವಲಕ್ಕಿ, ತಂಬಿಟ್ಟು. ಒಂದು ಚೀಲ ಹೊತ್ತು ಹೋದವರು ಮೂರು ಚೀಲ ಹೊತ್ತು ಬಸ್ಸು ಹತ್ತಿದೆವು. ಕಂಡಕ್ಟರು ನಮ್ಮನ್ನೂ ಚೀಲಗಳನ್ನೂ ನೋಡಿ, “ಲಗೇಜು ಯಾವ್ದು, ಪ್ಯಾಸೆಂಜರ್ ಯಾವ್ದು ಹೇಳ್ರಮ್ಮ” ಎಂದ.

ಅಲ್ಲಿಗೂ ಮುಗಿಯಲಿಲ್ಲ. ಬಂದ ಡಬ್ಬಿಗಳಲ್ಲಿ ಮತ್ತೆ ಅರ್ಧದಷ್ಟು ಅವರವು. ಅವನ್ನು ಕಳಿಸಿದೆ; ಸಂಜೆಯೊಳಗೆ ಬೇರೆ ಬಂದವು. ಯಾವ ಮನೆಗೆ ಬೆಳಿಗ್ಗೆ ಕುಂಬಳಕಾಯಿ ಹೋಳು ಹಾಕಿ ಕಳಿಸಿದೆನೋ ಅಲ್ಲಿಂದ ಸಂಜೆಗೆ ಕುಂಬಳಕಾಯಿ ಕಡಬು ಬಂತು. ಸುದ್ದಿ ಹಬ್ಬಿ, ನಮಗೆ ಡಬ್ಬಿಯನ್ನೇ ಕೊಡದಿದ್ದ ಮನೆಗಳವರೂ ‘ಮೇಡಮ್ಮೋರು ಎಲ್ಲರ ಮನೆಗೂ ಹೋದ್ರು, ನಮ್ಮನೆಗೆ ಬರ್ಲಿಲ್ಲ’ ಎಂದು ಬೇಸರಿಸಿ ತಾವೇ ಒಂದೊಂದು ಡಬ್ಬಿ ತಂದುಕೊಟ್ಟು ಹೋದರು. ರಜೆಯ ಕೊನೆಯ ವಾರದ ಹೊತ್ತಿಗೆ ಕೋಣೆಯ ಬಾಗಿಲು ಅರ್ಧವೂ ತೆರೆಯದಂತಾಯಿತು. ಸಿಂಚನ ಆ ಸಂದಿಯಲ್ಲಿ ಒಳಗೆ ಇಣುಕಿ, ಹಾಸ್ಟೆಲ್ಲಿಗೆಂದು ತನ್ನ ಬಟ್ಟೆಗಳನ್ನು ಮಡಿಸತೊಡಗಿದಳು. ಅದೂ ಅಚ್ಚುಕಟ್ಟಾಗಿ, ಅಂಚಿಗೆ ಅಂಚು ಕೂಡಿಸಿ, ನಾನು ಕಲಿಸಿದ ಹಾಗೆಯೇ. ನನ್ನ ಶಿಸ್ತು ಅಷ್ಟು ಕೆಟ್ಟದಾಗಿ ನನಗೆ ಎಂದೂ ಕಂಡಿರಲಿಲ್ಲ.

ನಾನು ಸರೋಜಮ್ಮನಿಗೆ ಫೋನ್ ಮಾಡಿದೆ. ಅಳಲಿಲ್ಲ; ಪೀಟಿ ಟೀಚರುಗಳು ಅಳುವುದಿಲ್ಲ. ಸ್ವಲ್ಪ ಮೂಗು ಕಟ್ಟಿತ್ತು, ಅಷ್ಟೆ.

“ಅತ್ತಿಗೆ, ನಿಮಗೆ ಮೈದಾನ ಗೊತ್ತು, ಮನೆ ಗೊತ್ತಿಲ್ಲ” ಎಂದಳು ಅವಳು. “ಡಬ್ಬಿನ ಅವರ ಮನೆಗೆ ಒಯ್ದು ಕೊಟ್ರೆ ತಿರುಗಿ ಬರದೆ ಏನ್ ಮಾಡ್ತದೆ? ಅವರನ್ನೇ ನಿಮ್ಮನೆಗೆ ಉಣ್ಣಾಕೆ ಕರೀರಿ. ಉಂಡು ಹೋಗುವಾಗ ಅವರವರ ಡಬ್ಬಿ ಕೈಗೆ ಕೊಡ್ರಿ. ನಿಮ್ಮ ಹೊಸಿಲ ಒಳಗೆ ನಿಂತು ನಿಮಗೆ ಎಲ್ಲಿಂದ ತುಂಬಿಕೊಡ್ತಾರೆ?”

“ಆಮೇಲೆ ಮನೆಗೆ ಹೋಗಿ ಕಳಿಸಿದರೆ?”

“ಕಳಿಸ್ತಾರೆ. ಆದ್ರೆ ಮೊದ್ಲು ಅವರು ನಿಮ್ಮನ್ನ ತಿರುಗಿ ಊಟಕ್ಕೆ ಕರೀಬೇಕಲ್ಲ. ಅದಕ್ಕೆ ವರ್ಷ ಬೇಕು. ಅಷ್ಟ್ರಾಗೆ ಹುಡುಗಿ ಪರೀಕ್ಷೆ ಮುಗೀತದೆ.”

ರಜೆಯ ಕೊನೆಯ ಭಾನುವಾರ ಊಟಕ್ಕೆ ಕರೆದೆವು. ಅಡುಗೆ ಎಂದು ವಿಶೇಷವಾಗಿ ಏನೂ ಮಾಡಲಿಲ್ಲ. ಅನ್ನ, ಸಾರು, ಉಳಿದದ್ದೆಲ್ಲ ಡಬ್ಬಿಗಳಿಂದ. ನಾಗರತ್ನ ತನ್ನ ಹೋಳಿಗೆಯನ್ನೇ ಎರಡು ಸಲ ಹಾಕಿಸಿಕೊಂಡು, “ಭಾಳ ಚಲೋ ಆಗೈತೆ, ಯಾರು ಮಾಡಿದ್ದು?” ಎಂದು ಕೇಳಿದಳು. ಊಟ ಮುಗಿದು ಎಲೆ ಎತ್ತಿದ ಮೇಲೆ ನಾನು ಸೆರಗು ಸಿಕ್ಕಿಸಿ, ಜಗಳೂರಿನ ಸೀಟಿಯನ್ನು ತೆಗೆದು ಊದಿದೆ. ಹಾಲಿನಲ್ಲಿ ಪಂಪ್‌ಸೆಟ್ಟಿಗಾಗಿ ಕಾದಿದ್ದ ಇಬ್ಬರು ಗಾಬರಿಯಿಂದ ಎದ್ದು ನಿಂತರು. ಸಿಂಚನ ಹೆಸರು ಓದಿದಳು, ಅವರು ಒಬ್ಬೊಬ್ಬರಾಗಿ ಮುಂದೆ ಬಂದರು, ನಾನು ಬಲಗೈಯಲ್ಲಿ ಕೈ ಕುಲುಕಿ ಎಡಗೈಯಲ್ಲಿ ಡಬ್ಬಿ ಕೊಟ್ಟೆ. ಕ್ರೀಡಾ ದಿನದ ಬಹುಮಾನ ವಿತರಣೆ ಹೀಗೆಯೇ. ಯಜಮಾನರು ಚಪ್ಪಾಳೆ ಶುರು ಮಾಡಿದರು. ಗಿರಿಜಮ್ಮ ಎರಡು ಡಬ್ಬಿ ಎತ್ತಿ ಹಿಡಿದು ಜನರ ಕಡೆ ತಿರುಗಿ ನಿಂತರು, ಯಾರಾದರೂ ಫೋಟೋ ತೆಗೆಯಲಿ ಎಂದು. ‘ನಾಗರತ್ನ’ ಎಂದು ಕೂಗಿದಾಗ ಇಬ್ಬರು ಎದ್ದರು. ಹಿಂದಿನ ಬೀದಿಯವಳು ಒಬ್ಬಳು, ನೀರಿನ ಟ್ಯಾಂಕಿನ ಹತ್ತಿರದವಳು ಒಬ್ಬಳು. ಬೇರೆ ಕಡೆಯಾದರೆ ಜಗಳವಾಗುತ್ತಿತ್ತು. ಇಲ್ಲಿ, “ನೀವು ಇಟ್ಕೊಳ್ರಿ”, “ಇಲ್ಲ, ನೀವೇ ಇಟ್ಕೊಳ್ರಿ” ಎಂದು ಇಬ್ಬರೂ ಒತ್ತಾಯಿಸಿ, ಡಬ್ಬಿ ನಮ್ಮಲ್ಲೇ ಉಳಿಯುವ ಅಪಾಯ ಬಂತು. ಮತ್ತೊಮ್ಮೆ ಸೀಟಿ ಊದಬೇಕಾಯಿತು. ಸರೋಜಮ್ಮ ಕೊನೆಯಲ್ಲಿ ತನ್ನವನ್ನೆಲ್ಲ ಎಣಿಸಿ ಚೀಲಕ್ಕೆ ಹಾಕಿಕೊಂಡು, ತಟ್ಟೆಯೊಂದನ್ನು ಮಾತ್ರ ಬೇಕಂತಲೇ ನಮ್ಮ ತಟ್ಟೆಗಳ ನಡುವೆ ಸೇರಿಸಿ ಹೋದಳು. “ಉಣ್ಣುವಾಗೆಲ್ಲ ನನ್ನ ಹೆಸರು ಓದ್ರಿ” ಅಂತೆ.

ನಮ್ಮ ಡಬ್ಬಿಗಳೂ ಬೇಳೆಕಾಳೂ ಅಡುಗೆಮನೆ ಸೇರಿ, ಸಂಜೆ ಕೋಣೆ ಖಾಲಿಯಾಯಿತು. ಅದಕ್ಕೆ ಹಿತ್ತಲ ಕಡೆ ಒಂದು ಕಿಟಕಿ ಇತ್ತೆಂದು ಅವತ್ತು ಗೊತ್ತಾಯಿತು. ಗುಡಿಸಿ ಒರೆಸಿದ ಕೆಂಪು ನೆಲ, ತಣ್ಣನೆ ಗಾಳಿ, ಮೂಲೆಯಲ್ಲಿ ಮೇಜು. ರೇಣುಕಾ ಸುತ್ತ ನೋಡಿ, “ಓದಿ ತೋರಿಸು, ಆಮೇಲೆ ಮಾತಾಡ್ತೀನಿ” ಎಂದಳು. ಸಿಂಚನ ಪುಸ್ತಕ ತೆರೆದಳು.

ಮಾರನೆಯ ಸಂಜೆ ನಾನು ಅವಳ ಬೆನ್ನು ನೆಟ್ಟಗಿದೆಯೋ ಎಂದು ನೋಡಲು ಒಳಗೆ ಹೋದೆ. ಗಾಳಿ ಚೆನ್ನಾಗಿತ್ತು, ಕೂತೆ. ಯಜಮಾನರು ಬಂದು, “ನಾನು ಮಾತಾಡಲ್ಲವ್ವ, ನೀನು ಓದ್ಕೊ” ಎಂದು ಗೋಡೆಗೊರಗಿ ಪತ್ರಿಕೆ ಬಿಚ್ಚಿದರು. ಅವರು ಮಾತಾಡಲಿಲ್ಲ ನಿಜ, ಓದಿದರು. ರೇಣುಕಾ ತನ್ನ ಪೇಪರ್ ಕಟ್ಟು ತಂದು ನೆಲದ ಮೇಲೆ ಹರಡಿಕೊಂಡಳು. ಹಾಲಿನಲ್ಲಿ ಜನ ಎಂದಳು. ಮಗ ಕೈಯೊರೆಸಿಕೊಳ್ಳುತ್ತ ಬಂದು, ಐದು ನಿಮಿಷ ಎಂದು ಕಾಲು ಚಾಚಿ ಮಲಗಿ ಗೊರಕೆ ಹೊಡೆದ. ಪಂಪ್‌ಸೆಟ್ಟಿನವರು ಅಂಗಡಿಯಲ್ಲಿ ಯಾರೂ ಇಲ್ಲವೆಂದು ಎದ್ದು ಮನೆಗೆ ಹೋದರು.

ಸಿಂಚನ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಪುಸ್ತಕ ಎತ್ತಿಕೊಂಡು ಎದ್ದಳು. ಗೊರಕೆ ಹೊಡೆಯುತ್ತಿದ್ದ ಅಪ್ಪನನ್ನು ದಾಟಿ, ಪೇಪರುಗಳನ್ನು ತುಳಿಯದಂತೆ ಹೆಜ್ಜೆಯಿಟ್ಟು ಹೊರಗೆ ಹೋಗಿ, ಬಾಗಿಲೆಳೆದು ಚಿಲಕ ಹಾಕಿಕೊಂಡಳು. ಹೊರಗಿನಿಂದ.

“ಏಯ್ ಸಿಂಚು!” ಎಂದಳು ರೇಣುಕಾ.

“ಬಾಗಿಲು ಹಾಕ್ಕೊಳ್ಳಾಕೆ ಬರೋ ಕೋಣೆ ಸಿಕ್ತಮ್ಮಾ. ಓದ್ತೀನಿ, ಸುಮ್ನಿರ್ರಿ.”

ನಾವು ಸುಮ್ಮನಿದ್ದೆವು. ಯಜಮಾನರು ಕೂಡ ಹುಟ್ಟಿದಾಗಿನಿಂದ ಮೊದಲ ಸಲ ಮನಸ್ಸಿನಲ್ಲೇ ಓದಿದರು. ಖಾಲಿ ಹಾಲಿನಿಂದ ಫಿಸಿಕ್ಸ್ ಬಾಯಿಪಾಠದ ದನಿ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ರೇಣುಕಾ ನನ್ನ ಕಿವಿಯ ಹತ್ತಿರ ಬಾಗಿ, “ಹಾಸ್ಟೆಲ್ ಬ್ಯಾಡ ಬಿಡ್ರಿ ಅತ್ತೆ. ಅಲ್ಲಿ ಇಷ್ಟು ಶಿಸ್ತು ಇರಲ್ಲ” ಎಂದಳು. ನನಗೆ ಆದ ಸಂತೋಷಕ್ಕೆ ಬಾಯಿ ಸಿಹಿ ಮಾಡೋಣವೆಂದು ಸುತ್ತ ನೋಡಿದೆ. ಅಷ್ಟು ಅಚ್ಚುಕಟ್ಟಾಗಿ ಖಾಲಿ ಮಾಡಿದ್ದೆ ನೋಡಿ, ಆ ಕೋಣೆಯಲ್ಲಿ ತಿನ್ನಲು ಒಂದು ಶೇಂಗಾ ಕಾಳೂ ಇರಲಿಲ್ಲ. ಅವಳು ಪಾಠ ಮುಗಿಸಿ ಚಿಲಕ ತೆಗೆಯುವವರೆಗೆ ಇಡೀ ಸಂಸಾರ ಸಾಲಾಗಿ, ಹಸಿದುಕೊಂಡು, ಕೂತಿದ್ದೆವು.